ಚುಕ್ಕಿ ಇಟ್ಟ ಪದ

ಸ್ಮೆರೆಕೀವ್
26 ಸೆಪ್ಟೆಂಬರ್ 1993

ನನ್ನ ಮುದ್ದಿನ ಸ್ತೆಫ್ಕಾ,

ಯೇಸುವಿಗೆ ಸ್ತೋತ್ರ. ನಾನು, ನಿನ್ನ ಒನುಫ್ರಿ ಮಾವ, ಹಸು, ಕುರಿ ಎಲ್ಲರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದ್ದು ನನ್ನ ಎಡ ಮಂಡಿ ಒಂದೇ. ಅದರ ಸುದ್ದಿ ಬರೆಯಲು ಕೂತರೆ ಕಾಗದ ಸಾಲುವುದಿಲ್ಲ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಬಯ್ಯಬೇಡ. ಮೊದಲು ಹುಲ್ಲಿನ ಕೊಯ್ಲು, ಆಮೇಲೆ ಆಲೂಗಡ್ಡೆ, ಆಮೇಲೆ ಅಣಬೆ. ಕಾಡಿನಲ್ಲಿ ಅಣಬೆ ಎದ್ದಿರುವಾಗ ಮನೆಯಲ್ಲಿ ಕೂತು ಪತ್ರ ಬರೆಯುವವಳು ಈ ಬೆಟ್ಟದ ಹೆಂಗಸೇ ಅಲ್ಲ. ನಿನ್ನ ಪಾಲಿನದನ್ನು ಒಣಗಿಸಿ ದಾರಕ್ಕೆ ಪೋಣಿಸಿ ಇಟ್ಟಿದ್ದೇನೆ. ತಡ ಮಾಡಿದ್ದಕ್ಕೆ ಅದೇ ದಂಡ ಎಂದುಕೋ.

ನೀನು ಲ್ವಿವ್‌ನಲ್ಲಿ ನಿಘಂಟು ಕಚೇರಿಗೆ ಸೇರಿದೆ ಎಂದು ಕೇಳಿದಾಗ ನಿನ್ನ ಮಾವ ಹೊಟ್ಟೆ ಹಿಡಿದು ನಕ್ಕಿದ್ದ. "ಮಾತಿಗೂ ಸಂಬಳ ಕೊಡ್ತಾರೇನೇ ವಸಿಲೀನಾ? ಹಾಗಾದ್ರೆ ನೀನು ಇಷ್ಟೊತ್ತಿಗೆ ಈ ಜಿಲ್ಲೆಗೇ ಸಾಹುಕಾರ್ತಿ ಆಗ್ಬೇಕಿತ್ತಲ್ಲ!" ಎಂದ. ನಗಲಿ ಬಿಡು. ನಿನ್ನ ಪತ್ರವನ್ನು ಮಾತ್ರ ಎರಡು ಸಲ ಓದಿಸಿಕೊಂಡ.

ನೀನು ಕೇಳಿದ್ದು ನಮ್ಮ 'ಕ್ನ್ಯಾಹಿನ್ಯಾ' ಎಂಬ ಪದದ ಬಗ್ಗೆ. ನಾವು ಮದುಮಗಳನ್ನು ಹಾಗೆ ಕರೆಯುತ್ತೇವೆ. ಅದಕ್ಕೆ ರಾಜಕುಮಾರಿ ಎಂಬ ಅರ್ಥವೂ ಇದೆ ಎಂದು ನನಗೆ ಗೊತ್ತಿತ್ತು. ಆದರೆ ಇಷ್ಟೊಂದು ಬಳಗ ಇದೆ ಎಂದು ಗೊತ್ತಿರಲಿಲ್ಲ ಮಗಳೇ. ರಷ್ಯದವರಲ್ಲಿ ಅದು ದೊರೆಯ ಹೆಂಡತಿಯಂತೆ, ಸರ್ಬಿಯದವರಲ್ಲಿ ಅರಮನೆಯವಳಂತೆ, ಪೋಲಿಷರಲ್ಲಿ ಸನ್ಯಾಸಿನಿಯರ ಮಠದ ಹಿರಿಯಳಂತೆ. ಜರ್ಮನಿಯ ಮೂಲೆಯಲ್ಲಿ ಉಳಿದಿರುವ ಸೋರ್ಬ್ ಜನರಲ್ಲಿ ಯಾವ ಗೃಹಿಣಿಯನ್ನಾದರೂ ಮರ್ಯಾದೆಯಿಂದ ಹಾಗೇ ಕರೆಯುತ್ತಾರಂತೆ. ಒಂದೇ ತಾಯಿಯ ಹೆಣ್ಣುಮಕ್ಕಳು ಬೇರೆ ಬೇರೆ ಊರಿಗೆ ಸೊಸೆಯರಾಗಿ ಹೋದ ಹಾಗಾಯಿತು. ಒಬ್ಬಳಿಗೆ ಅರಮನೆ ಸಿಕ್ಕಿತು, ಒಬ್ಬಳಿಗೆ ಮಠ, ನಮ್ಮವಳಿಗೆ ಕೊಟ್ಟಿಗೆ.

ಆ ತಾಯಿ ಪದವನ್ನೂ ನೀನು ಬರೆದು ಕಳಿಸಿದ್ದೆ: ಮುಂದೆ ಒಂದು ಚುಕ್ಕಿ, ಆಮೇಲೆ 'ಕುನೆಂಗಿನಿ'. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರ ಬಾಯಿಂದಲೂ ಕೇಳಿದವರು ಈಗಿಲ್ಲ, ಆದರೂ ಮಕ್ಕಳ ಮುಖ ನೋಡಿದರೆ ತಾಯಿ ಹೀಗೇ ಇದ್ದಿರಬೇಕು ಎಂದು ವಿದ್ವಾಂಸರು ಕಟ್ಟಿದ್ದು, ಅದಕ್ಕೇ ಆ ಚುಕ್ಕಿ ಎಂದು ವಿವರಿಸಿದ್ದೆ. ಒನುಫ್ರಿ ಅದನ್ನು ಗಟ್ಟಿಯಾಗಿ ಹೇಳಿ ನೋಡಿದ. "ಕುನೆಂಗಿನಿ! ಕುನೆಂಗಿನಿ!" ನಮ್ಮ ಕುರಿಗಳೆರಡೂ ಬಾಗಿಲಿಗೆ ಬಂದು ನಿಂತವು. ನಾನು ಮಾತ್ರ ನಗಲಿಲ್ಲ. ಆ ಚುಕ್ಕಿಯ ವಿಷಯ ಅಂದಿನಿಂದ ನನ್ನ ತಲೆಯಲ್ಲೇ ಕೂತಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. "ನಮ್ಮೂರಲ್ಲಿ ಈ ಪದವನ್ನು ಯಾರಿಗೆ ಹೇಳುತ್ತಾರೆ, ಯಾವಾಗಿನಿಂದ ಯಾವಾಗಿನವರೆಗೆ ಹೇಳುತ್ತಾರೆ, ಯಾರಿಗೆ ಹೇಳುವುದಿಲ್ಲ?" ಎಂದು ಕೇಳಿದ್ದೀಯ. ಆ ಕೊನೆಯ ಪ್ರಶ್ನೆ ಇದೆಯಲ್ಲ, ಅದನ್ನು ನಾನು ಗಟ್ಟಿಯಾಗಿ ಓದುತ್ತಿದ್ದಾಗ ಪತ್ರ ತಂದುಕೊಟ್ಟ ತೆಕ್ಲಾ ಇನ್ನೂ ಹೊಸ್ತಿಲ ಮೇಲೇ ಇದ್ದಳು. ನಿನಗೆ ಅವಳ ನೆನಪಿರಬೇಕು, ನೀನು ಓದಲು ಹೊರಟಾಗ ಎರಡು ಜಡೆ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ. ಈಗ ನಮ್ಮೂರಿನ ಅಂಚೆ ಹಂಚುತ್ತಾಳೆ. ನೀರು ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟು, "ಯಾರಿಗೆ ಹೇಳಲ್ಲ ಅಂತ ಕೇಳಿದ್ದಾಳಾ ಸ್ತೆಫ್ಕಕ್ಕ? ನನಗೆ ಅಂತ ಬರೀರಿ ದೊಡ್ಡಮ್ಮ" ಎಂದಳು. ನಗುತ್ತಲೇ ಹೇಳಿದಳು, ನಾನು ಮಾತ್ರ ಪತ್ರ ಮಡಚಿಟ್ಟೆ.

ವಿಷಯ ಇಷ್ಟು. ತೆಕ್ಲಾಳಿಗೆ ನಸ್ತುಂಕಾ ಎಂಬ ಪುಟ್ಟ ಮಗಳಿದ್ದಾಳೆ. ಅಪ್ಪ ಯಾರೋ ರಸ್ತೆ ಕೆಲಸಕ್ಕೆ ಬಂದವನು, ರಸ್ತೆ ಮುಗಿಯಿತು, ಅವನೂ ಹೋದ. ಈಗ ಮರ ಕೊಯ್ಯುವ ಕಾರ್ಖಾನೆಯ ಇಲ್ಕೋ ಅವಳನ್ನು ಮದುವೆಯಾಗುತ್ತೇನೆ ಎಂದಿದ್ದಾನೆ, ಮಗುವನ್ನೂ ತನ್ನದೇ ಎಂದು ಎತ್ತಿಕೊಂಡು ಊರೆಲ್ಲ ತಿರುಗುತ್ತಾನೆ. ಒಳ್ಳೆಯ ಹುಡುಗ, ಮಾತು ಕಡಿಮೆ. ಮದುವೆ ಅಕ್ಟೋಬರ್ ಕೊನೆಗೆ ನಿಶ್ಚಯವಾಗಿದೆ. ಆದರೆ ನಮ್ಮೂರಿನ ಕಟ್ಟು ನಿನಗೆ ಗೊತ್ತಲ್ಲ. ಮದುಮಗಳ ತಲೆಗೆ ಬಾರ್ವಿನೋಕ್ ಎಲೆಯ ದಂಡೆ ಮುಡಿಸಿದರೆ ತಾನೇ ಅವಳು ಕ್ನ್ಯಾಹಿನ್ಯಾ? ಮದುವೆಗೆ ಮೊದಲೇ ಹೆತ್ತವಳಿಗೆ ದಂಡೆ ಇಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಹಿಂಬಾಗಿಲಿನ ವಧುವಾಗಿ ಹೋಗಬೇಕು. ಅವಳನ್ನು ಬರೀ ಹೆಸರಿನಿಂದ ಕರೆಯುತ್ತಾರೆ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ನಸ್ತುಂಕಾ ದೊಡ್ಡವಳಾಗಿ, ಅವಳಿಗೊಂದು ಸಂಬಂಧ ಬಂದಾಗಲೂ 'ದಂಡೆ ಇಲ್ಲದವಳ ಮಗಳು' ಎಂದೇ ಮಾತು ಶುರುವಾಗುತ್ತದೆ. ಊರ ಬಾಯಿಗೆ ಬಾಗಿಲು ಎಲ್ಲಿದೆ?

ನಾನು ತೆಕ್ಲಾಳನ್ನು ಕೂರಿಸಿ ಕೇಳಿದೆ. "ನಿಂಗೆ ದಂಡೆ ಬೇಕೇನೇ?"

"ಬೇಡ ಬಿಡಿ ದೊಡ್ಡಮ್ಮ, ಬಟ್ಟೆ ಕಟ್ಕೊಂಡೇ ಹೋಗ್ತೀನಿ. ನನ್ನಿಂದ ಊರಲ್ಲಿ ಜಗಳ ಯಾಕೆ?"

"ಜಗಳದ ಮಾತು ನಂಗೆ ಬಿಡು. ಬೇಕೋ ಬೇಡವೋ ಹೇಳು."

ಅವಳು ಅಂಚೆ ಚೀಲದ ಬೆಲ್ಟು ತಿರುಚಿದಳು. ಆಮೇಲೆ, "ಚಿಕ್ಕವಳಿದ್ದಾಗಿಂದ ಬೇಕಿತ್ತು" ಎಂದಳು.

ಮುಗಿಯಿತು. ನಾನು ಅಲ್ಲೇ ನಿರ್ಧಾರ ಮಾಡಿದೆ. ಮರುದಿನವೇ ಇಲ್ಕೋನ ತಾಯಿ ಪರಸ್ಕಾಳ ಮನೆಗೆ ಹೋದೆ. ಅವಳು ವರನ ತಾಯಿ ಮಾತ್ರವಲ್ಲ, ಊರಿನಲ್ಲಿ ದಂಡೆ ಹೊಲಿಯುವ ಹೆಂಗಸರಿಗೆಲ್ಲ ಮುಂದಾಳು. ಅವಳಿಗಿಂತ ಮೊದಲು ಅವಳ ತಾಯಿ ಆ ಕೆಲಸ ನಡೆಸುತ್ತಿದ್ದಳು. ಪರಸ್ಕಾ ನನ್ನನ್ನು ಕೂರಿಸಿ ಬ್ರಿಂಡ್ಜಾ ಚೀಸು ಹಾಕಿದ ಮೆಕ್ಕೆಜೋಳದ ಮುದ್ದೆ ಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ.

"ಮದುವೆ ಬೇಡ ಅಂತ ನಾನಂದಿಲ್ಲ ವಸಿಲೀನಾ. ಹುಡುಗಿ ಮೈಗಳ್ಳಿ ಅಲ್ಲ, ಮಗೂನೂ ಮುದ್ದಾಗಿದೆ. ಆದ್ರೆ ದಂಡೆ ಮಾತು ಎತ್ತಬೇಡ. ಹೊಟ್ಟೆ ಹೊತ್ತವಳ ತಲೆಗೆ ಬಟ್ಟೆ, ದಂಡೆ ಅಲ್ಲ. ನಮ್ಮಮ್ಮ ಹೇಳ್ತಿದ್ದ ಮಾತು ಇದು."

"ಗೊತ್ತು" ಎಂದೆ. "ನಿಮ್ಮಮ್ಮ ಹೇಳಿದ್ದನ್ನ ನಾನೂ ಕೇಳಿದೀನಿ."

ಪಾದ್ರಿಗಳನ್ನೂ ಕೇಳಿ ಬಂದೆ. "ಚರ್ಚಿನ ಅಡ್ಡಿ ಏನೂ ಇಲ್ಲಮ್ಮ, ದಂಡೆ ನಿಮ್ಮ ಹೆಂಗಸರ ಕಾನೂನು. ಅದರಲ್ಲಿ ತಲೆ ಹಾಕೋ ಧೈರ್ಯ ನಂಗಿಲ್ಲ" ಎಂದು ನಕ್ಕರು. ಹಾಗಾದರೆ ಆ ಕಾನೂನು ನನ್ನದೂ ಆಯಿತಲ್ಲ? ನಾನೂ ಹೆಂಗಸೇ, ನನಗೂ ಸೂಜಿ ಹಿಡಿಯಲು ಬರುತ್ತದೆ. ನಮ್ಮ ಹಿತ್ತಿಲ ಪ್ಲಮ್ ಮರದ ಕೆಳಗೆ ಬಾರ್ವಿನೋಕ್ ಬಳ್ಳಿ ಹಬ್ಬಿ ನಿಂತಿದೆ. ಹಿಮ ಬಿದ್ದರೂ ಹಸಿರು ಬಿಡದ ಬಳ್ಳಿ ಅದು. ನೆಟ್ಟವಳು ನನ್ನ ಅಕ್ಕ ಹಾಫಿಯಾ. ಚಿಕ್ಕ ವಯಸ್ಸಿಗೇ ಹೋದಳು ಎಂದು ಹೇಳಿದ್ದೆನಲ್ಲ, ಈಸ್ಟರ್ ಆದಮೇಲೆ ಸಮಾಧಿಗೆ ದೀಪ ಹಚ್ಚಲು ಹೋದಾಗ ನೀನು "ಈ ಶಿಲುಬೆಗೆ ಯಾಕೆ ಕೆತ್ತನೆ ಇಲ್ಲ ಅಮ್ಮ?" ಎಂದು ಕೇಳುತ್ತಿದ್ದೆಯಲ್ಲ, ಅವಳು. ಅದೇ ಬಳ್ಳಿಯಿಂದ ನನ್ನ ಮದುವೆಯ ದಂಡೆ ಹೊಲಿದದ್ದು. ತೆಕ್ಲಾಳದ್ದೂ ಅದರಿಂದಲೇ ಆಗುತ್ತದೆ.

"ಬೆಕ್ಕಿಗೆ ಗಂಟೆ ಕಟ್ಟೋಕೆ ಹೊರಟಿದ್ದೀಯ" ಎಂದು ಒನುಫ್ರಿ ಗೊಣಗುತ್ತಿದ್ದಾನೆ. ಕಟ್ಟಿಯೇ ತೀರುತ್ತೇನೆ. ಆದ್ದರಿಂದ ನಿನ್ನ ಚೀಟಿಯಲ್ಲಿ 'ಯಾರಿಗೆ ಹೇಳುವುದಿಲ್ಲ' ಎಂಬ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿರು.

ಚಳಿಗೆ ಉಣ್ಣೆಯ ಕಾಲುಚೀಲ ಹಾಕಿಕೋ. ದೇವರು ನಿನ್ನನ್ನು ಕಾಯಲಿ.

ನಿನ್ನ ಜ್ಞಾನಸ್ನಾನದ ತಾಯಿ,
ವಸಿಲೀನಾ


ಸ್ಮೆರೆಕೀವ್
7 ನವೆಂಬರ್ 1993

ನನ್ನ ಮಗಳು ಸ್ತೆಫ್ಕಾ,

ಯೇಸುವಿಗೆ ಸ್ತೋತ್ರ. ನೀನು ಕಳಿಸಿದ ಮಂಡಿನೋವಿನ ಎಣ್ಣೆ ತಲುಪಿತು. ಅರ್ಧ ನನ್ನ ಮಂಡಿಗೆ ಹೋಯಿತು, ಇನ್ನರ್ಧವನ್ನು ನಿನ್ನ ಮಾವ ತನ್ನ ಸೊಂಟಕ್ಕೆ ಕದ್ದ. ಮತ್ತೆ ತಡವಾಯಿತು, ಈ ಸಲ ಕಾರಣ ಗಟ್ಟಿ ಇದೆ. ಮದುವೆ ಮಾಡಿ ಮುಗಿಸಿದವಳು ಬರೆಯುತ್ತಿದ್ದೇನೆ. ಮನೆಯ ಪಾತ್ರೆಗಳು ಇನ್ನೂ ಅವರವರ ಮನೆಗೆ ಹಿಂತಿರುಗಿಲ್ಲ.

ಮೊದಲಿಂದ ಹೇಳುತ್ತೇನೆ. ದಂಡೆ ಹೊಲಿಯುವುದು ಮದುವೆಯ ಹಿಂದಿನ ಗುರುವಾರ. ಗಂಡನ ಜೊತೆ ನೆಮ್ಮದಿಯಾಗಿ ಬಾಳುತ್ತಿರುವ ಹೆಂಗಸರು ಸುತ್ತ ಕೂತು, ಎಲೆ ಮೇಲೆ ಎಲೆ ಇಟ್ಟು, ಉಣ್ಣೆಯ ಹುರಿಗೆ ಹೊಲಿಯಬೇಕು. ಸೂಜಿ ನಡೆಯುತ್ತಿರುವಷ್ಟು ಹೊತ್ತು ಹಾಡು ನಿಲ್ಲಬಾರದು. ನಾನು ಮನೆ ಮನೆಗೆ ಹೋಗಿ ಕರೆದೆ. ಒಬ್ಬಳಿಗೆ ಹಲ್ಲುನೋವು, ಒಬ್ಬಳಿಗೆ ತೊಳೆಯುವ ಬಟ್ಟೆ. ಪಕ್ಕದ ಮನೆಯ ಮಗ್ದಾ, "ನಮ್ಮ ಹಸು ಇವತ್ತೋ ನಾಳೆಯೋ ಕರು ಹಾಕತ್ತೆ ವಸಿಲೀನಕ್ಕ, ಹೇಗೆ ಬಿಟ್ಟು ಬರ್ಲಿ?" ಎಂದಳು. ಆ ಹಸು ಆಗಸ್ಟಿನಲ್ಲೇ ಕರು ಹಾಕಿತ್ತು. ಆ ಕರು ಅವಳ ಬೆನ್ನ ಹಿಂದೆಯೇ ನಿಂತು ನನ್ನ ಮುಖ ನೋಡುತ್ತಿತ್ತು.

ಗುರುವಾರ ಮಧ್ಯಾಹ್ನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಎಲೆ ರಾಶಿ ಹಾಕಿ, ದೃಷ್ಟಿ ತಾಗದಿರಲು ಬೆಳ್ಳುಳ್ಳಿ, ಬಾಳು ಸಿಹಿಯಾಗಲು ಜೇನು ಎಲ್ಲ ಇಟ್ಟುಕೊಂಡು ಕೂತೆ. ಬಾಗಿಲು ತೆರೆದೇ ಇಟ್ಟೆ. ತೆಕ್ಲಾ ಮೂಲೆಯಲ್ಲಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದ್ದಳು. ಒಳಗೆ ಯಾರೂ ಬರಲಿಲ್ಲ. ಆದರೆ ಬೇಲಿಯ ಹೊರಗೆ ಎಲ್ಲರೂ ಬಂದು ನಿಂತಿದ್ದರು! ಹಲ್ಲುನೋವಿನವಳೂ, ಬಟ್ಟೆಯವಳೂ, ಕರುವಿನವಳೂ. ಈ ಮುದುಕಿ ಒಬ್ಬಳೇ ಏನು ಮಾಡುತ್ತಾಳೆ ನೋಡೋಣ ಎಂದು.

ಒಬ್ಬಳೇ ಹಾಡತೊಡಗಿದೆ. "ಬೆಟ್ಟ ಇಳಿದು ಬಾ ಹಸಿರೇ, ಇವಳ ಮುಡಿಗೆ ಬಾ" ಎಂಬ ಹಾಡು, ನಿನಗೆ ಗೊತ್ತಿರುವುದೇ. ಒಂದು ಗೇಣು ಹೊಲಿಯುವಷ್ಟರಲ್ಲಿ ಉಸಿರು ಕಟ್ಟಿ ಕೆಮ್ಮು ಹತ್ತಿತು. ಸೂಜಿ ಎಲೆಯ ಅರ್ಧದಲ್ಲಿದೆ, ಹಾಡು ನಿಲ್ಲುವ ಹಾಗಿಲ್ಲ. ನಾನು ಕಣ್ಣಲ್ಲೇ ಒನುಫ್ರಿಯನ್ನು ಬೇಡಿಕೊಂಡೆ. ಹೆಂಗಸರು ಯಾರೂ ಬಾರದ್ದರಿಂದ ಒಲೆಯ ಪಕ್ಕವೇ ಕೂತಿದ್ದವನು ಪೈಪು ಬಾಯಿಂದ ತೆಗೆದು, ಎದ್ದು ನಿಂತು, ಕರಡಿಯ ದನಿಯಲ್ಲಿ ಶುರು ಮಾಡಿದ. ಏನು ಶುರು ಮಾಡಿದ ಎನ್ನುತ್ತೀ? "ಹೋಗಿ ಬಾ ಹಸಿರೇ, ಬೆಟ್ಟ ಹತ್ತಿ ಹೋಗು!"

ನಮ್ಮೂರ ಗಂಡಸರು ದಂಡೆ ಹೊಲಿಯುವ ಕೋಣೆಗೆ ಬರುವುದಿಲ್ಲ. ಮದುವೆಯ ಮರುದಿನ ದಂಡೆ ಇಳಿಸುವಾಗ ಮಾತ್ರ ಸುತ್ತ ನಿಲ್ಲುತ್ತಾರೆ. ಅವರ ಕಿವಿಗೆ ಬಿದ್ದಿರುವುದು ಇಳಿಸುವ ಹಾಡೊಂದೇ. ಮುಡಿಯುವ ಮೊದಲೇ ಇಳಿಸುವ ಹಾಡು ಹಾಡಿದರೆ ಅದಕ್ಕಿಂತ ದೊಡ್ಡ ಅಪಶಕುನ ಇಲ್ಲ. ಬೇಲಿಯಿಂದ ಒಂದು ಕಿರುಚಾಟ ಕೇಳಿತು.

"ಏಯ್ ಮುದಿ ಟಗರೇ! ಬಾಯಿ ಮುಚ್ಚೋ! ಅದು ಇಳಿಸೋ ಹಾಡು ಕಣೋ! ಹುಡುಗೀನ ಹಸೆಗೆ ಏರೋ ಮೊದ್ಲೇ ವಿಧವೆ ಮಾಡ್ತೀಯೇನೋ?"

ಮಗ್ದಾ. ಬಯ್ಯುತ್ತಲೇ ಬೇಲಿ ದಾಟಿ, ಅಂಗಳ ದಾಟಿ ಒಳಗೆ ನುಗ್ಗಿದಳು. ತಪ್ಪು ಹಾಡಿನ ಮೇಲೆ ಸರಿ ಹಾಡನ್ನು ತಕ್ಷಣ ಹಾಡಿ ಮುಚ್ಚಬೇಕು, ಅದೂ ಒಬ್ಬಳ ದನಿ ಸಾಲದು. ಇಂಥದ್ದರಲ್ಲಿ ನಮ್ಮ ಹೆಂಗಸರು ಹಿಂದೆ ಮುಂದೆ ನೋಡುವವರಲ್ಲ. ಮಗ್ದಾ "ಬೆಟ್ಟ ಇಳಿದು ಬಾ" ಎಂದು ಎತ್ತಿದ್ದೇ ತಡ, ಉಳಿದವರೂ ಹಿಂದೆಯೇ ಬಂದು ದನಿಗೂಡಿಸಿದರು. ಮನೆ ತುಂಬಿ ಹಾಡಾಯಿತು ಮಗಳೇ. ತೆಕ್ಲಾ ಆಗ ತಲೆ ಎತ್ತಿದಳು.

ಹಾಡು ಮುಗಿದ ಮೇಲೆ ಅವರಿಗೆ ಎಚ್ಚರವಾಯಿತು. ದಂಡೆಗೆ ದನಿ ಕೊಟ್ಟವಳು ಎಲೆಯನ್ನೂ ಕೊಡಬೇಕು. ಹಾಡಿ ಹೊಲಿಯದೆ ಎದ್ದರೆ ಆ ಕೇಡು ಅವಳ ಮನೆಗೇ ತಿರುಗುತ್ತದೆ. ಮಗ್ದಾ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ನಿನ್ನ ಮಾವ ಅಡ್ಡ ನಿಂತು ನಿಧಾನವಾಗಿ ಪೈಪಿಗೆ ಬೆಂಕಿ ಹಚ್ಚುತ್ತಿದ್ದ.

"ಮೋಸ ಇದು ವಸಿಲೀನಕ್ಕ" ಎಂದಳು ಮಗ್ದಾ.

"ನಾನೇನು ಕೈ ಹಿಡಿದು ಎಳ್ಕೊಂಡು ಬಂದ್ನಾ? ಸೂಜಿ ತಗೋ. ನಿನ್ನ ಹಸು ಕಾಯ್ತಾ ಇರತ್ತೆ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು, ಆಮೇಲೆ ನಗು ತಡೆಯಲಾರದೆ ಕೂತೇಬಿಟ್ಟಳು. ಒಬ್ಬಳು ಕೂತ ಮೇಲೆ ಉಳಿದವರದ್ದೇನು? ಸಂಜೆಗೆ ದಂಡೆ ಮುಗಿಯಿತು. ಆಮೇಲೆ ನಾನು ಒನುಫ್ರಿಯನ್ನು ಕೇಳಿದೆ, ಬೇಕೆಂದೇ ಆ ಹಾಡು ಎತ್ತಿದೆಯಾ ಎಂದು. "ನಂಗೇನೇ ಗೊತ್ತು? ನಾನು ಟಗರು" ಎಂದ. ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಇವತ್ತಿಗೂ ನನಗೆ ತಿಳಿಯುವುದಿಲ್ಲ.

ದಂಡೆ ಮುಗಿಯಿತು ಎಂದೆ, ಪೂರ್ತಿ ಮುಗಿಯಲಿಲ್ಲ. ಕೊನೆಯ ಒಂದು ಎಲೆ ವರನ ತಾಯಿಯದು. ಪರಸ್ಕಾ ಬೇಲಿಯವರೆಗೂ ಬಂದಿರಲಿಲ್ಲ. ಹಣೆಯ ಮೇಲೆ ಬರುವ ಜಾಗದಲ್ಲಿ ಒಂದು ಎಲೆಯಷ್ಟು ಅಂತರ ಬಿಟ್ಟೆವು. ಎದುರಿಂದ ನೋಡಿದವರಿಗೆಲ್ಲ ಕಾಣುವ ಜಾಗ.

ಶುಕ್ರವಾರ ತೆಕ್ಲಾ ಮನೆ ಮನೆಗೆ ಕರೆಯಲು ಹೋದಳು, ನಾನೂ ಜೊತೆಗಿದ್ದೆ. ಅವಳಿಗೆ ತಂದೆತಾಯಿ ಇಲ್ಲವಲ್ಲ, "ದೊಡ್ಡಮ್ಮ ಕರೀತಿದ್ದಾರೆ, ನಾನೂ ಕರೀತಿದ್ದೀನಿ, ಮದುವೆಗೆ ಬನ್ನಿ" ಎಂದು ಬಾಗಿ ಬಾಗಿ ನಮಸ್ಕರಿಸಿದಳು. ಅದಕ್ಕೆ ಮನೆಯವರು "ದೇವರು ಒಳ್ಳೇದು ಮಾಡಲಿ, ಕ್ನ್ಯಾಹಿನ್ಯಾ" ಎನ್ನಬೇಕು. ಮಗ್ದಾ ಬೀದಿಗೆಲ್ಲ ಕೇಳುವ ಹಾಗೆ ಎಂದಳು. ಕೆಲವರು ಒಲೆಯೊಳಗೆ ಮುಖ ಇಟ್ಟುಕೊಂಡು ಎಂದರು. ಎರಡು ಮನೆಯಲ್ಲಿ "ಆಯ್ತು ತೆಕ್ಲಾ" ಎಂದು ಬಾಗಿಲು ಹಾಕಿಕೊಂಡರು. "ಅತ್ತೆ ಹೇಳದೆ ನಾವು ಹೆಂಗೆ ಹೇಳೋದು?" ಎಂದು ಒಬ್ಬಳು ನನ್ನ ಮುಖದ ಮೇಲೇ ಕೇಳಿದಳು. ನ್ಯಾಯವಾದ ಮಾತೇ. ಹೊಸ್ತಿಲಲ್ಲಿ ರೊಟ್ಟಿ ಜೇನು ಹಿಡಿದು ನಿಂತ ಅತ್ತೆಯ ಬಾಯಿಂದ ಆ ಪದ ಬರದಿದ್ದರೆ, ಊರೆಲ್ಲ ಹೇಳಿದರೂ ಅದು ಗಾಳಿಗೆ ಹೋದ ಮಾತು.

ಶನಿವಾರ ಬೆಳಗ್ಗೆ ಪರಸ್ಕಾಳ ಕೊಟ್ಟಿಗೆಗೆ ಹೋದೆ. ಹಾಲು ಕರೆಯುತ್ತಿದ್ದಳು. ಏಳಲಿಲ್ಲ, ಬಾ ಎನ್ನಲಿಲ್ಲ.

"ಟಗರನ್ನ ಬಿಟ್ಟು ಹೆಂಗಸರನ್ನ ಹಿಡಿದ್ಯಂತೆ" ಎಂದಳು. "ನನ್ನ ಹಿಡಿಯೋಕೆ ಯಾರನ್ನ ಬಿಡ್ತೀಯ?"

"ಯಾರನ್ನೂ ಇಲ್ಲ. ನಿನ್ನದೊಂದು ವಸ್ತು ನನ್ನ ಹತ್ರ ಇತ್ತು, ಕೊಟ್ಟು ಹೋಗೋಣ ಅಂತ ಬಂದೆ."

ಬಟ್ಟೆಯ ಚೂರಿನಲ್ಲಿ ಸುತ್ತಿ ತಂದದ್ದನ್ನು ಅವಳ ಒದ್ದೆ ಕೈಯಲ್ಲಿಟ್ಟು, ನಾಲ್ಕು ಮಾತು ಹೇಳಿದೆ. ಏನು ಕೊಟ್ಟೆ, ಏನು ಹೇಳಿದೆ ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ. ನಾನು ಬಾಗಿಲಿಗೆ ಬಂದು ಹಿಂತಿರುಗಿ ನೋಡಿದಾಗ, ಹಸು ಬಕೆಟ್ಟಿಗೆ ಕಾಲು ಹಾಕಿ ಹಾಲೆಲ್ಲ ಚೆಲ್ಲಿತ್ತು. ಪರಸ್ಕಾಳಿಗೆ ಅದು ಕಂಡಂತಿರಲಿಲ್ಲ.

ಭಾನುವಾರ ಮದುವೆ. ತೆಕ್ಲಾ ನಮ್ಮ ಅಂಗಳದಲ್ಲಿ ಕುದುರೆ ಏರಿದಳು. ಬಳೆಯಂಥ ಕೊಲಾಚ್ ರೊಟ್ಟಿಯ ತೂತಿನಿಂದ ನಾಲ್ಕು ದಿಕ್ಕಿಗೂ ನೋಡಿದಳು, ಬಾಳು ದುಂಡಗಿರಲಿ ಎಂದು. ಆ ಉಡುಗೆ, ಆ ಹಿತ್ತಾಳೆ ಒಡವೆಗಳ ಸದ್ದು, ಆ ದಂಡೆ! ಪ್ರತಿ ದಿನ ಚೀಲ ಹೊತ್ತು ಕೆಸರು ತುಳಿಯುವ ಹುಡುಗಿ ಇವಳೇನಾ ಅನಿಸಿತು. ಆದರೆ ಹಣೆಯ ಮೇಲಿನ ಆ ಖಾಲಿ ಜಾಗ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಚರ್ಚಿನಲ್ಲಿ ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿಯುತ್ತಿದ್ದರು.

ಪಿಟೀಲು, ಡೋಲುಗಳ ಸಮೇತ ಮೆರವಣಿಗೆ ಪರಸ್ಕಾಳ ಮನೆ ಮುಟ್ಟಿತು. ಇಲ್ಕೋ ತೆಕ್ಲಾಳನ್ನು ಕುದುರೆಯಿಂದ ಇಳಿಸಿದ. ಪರಸ್ಕಾ ರೊಟ್ಟಿ, ಜೇನು ಹಿಡಿದು ಹೊರಗೆ ಬಂದಳು. ವಾದ್ಯ ನಿಂತಿತು. ಅವಳೂ ನಿಂತೇ ಇದ್ದಳು. ನನ್ನ ಪಕ್ಕದಲ್ಲಿ ಮಗ್ದಾ ಎಲ್ಲ ಸಂತರ ಹೆಸರನ್ನೂ ಪಿಸುಗುಡುತ್ತಿದ್ದಳು. ಇಲ್ಕೋ ಮೊದಲ ಸಲ ಬಾಯಿ ಬಿಟ್ಟ. "ಅಮ್ಮಾ, ಏನಾದ್ರೂ ಅನ್ನು. ಇಲ್ದಿದ್ರೆ ನಾವು ಹೋಗ್ತೀವಿ."

"ಇರೋ, ಸೊಸೆ ಬಂದ ತಕ್ಷಣ ಬಾಯಿ ಬಂತು ನಿಂಗೆ" ಎಂದಳು ಪರಸ್ಕಾ. ರೊಟ್ಟಿಯ ತಟ್ಟೆಯನ್ನು ಅವನ ಕೈಗೆ ತುರುಕಿದಳು. ತನ್ನ ಕುರಿದೊಗಲಿನ ಅಂಗಿಯ ಎದೆಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು, ಹಸಿರು ದಾರ ಮೊದಲೇ ಪೋಣಿಸಿತ್ತು. ಜೇಬಿನಿಂದ ಒಂದು ಬಾರ್ವಿನೋಕ್ ಎಲೆ ತೆಗೆದಳು. "ಬಗ್ಗು" ಎಂದಳು ತೆಕ್ಲಾಳಿಗೆ. ಹೊಸ್ತಿಲಲ್ಲಿ, ಮುಡಿದ ತಲೆಯ ಮೇಲೇ, ದಂಡೆ ಹೊಲಿದದ್ದನ್ನು ಈ ಕಣಿವೆಯಲ್ಲಿ ಯಾರೂ ಕಂಡಿಲ್ಲ. ಸೂಜಿ ನಡೆಯುವಾಗ ಹಾಡು ಬೇಕಲ್ಲ, ಪರಸ್ಕಾ ತಾನೇ ಎತ್ತಿದಳು. ಅವಳಿಗೆ ಹಾಡಲು ಬರುವುದಿಲ್ಲ, ಯಾವತ್ತೂ ಬಂದಿಲ್ಲ. ಒಡಕು ದನಿಯಲ್ಲಿ ಒಂದು ಸಾಲು ಒಬ್ಬಳೇ ಹಾಡಿದಳು. ಎರಡನೆಯ ಸಾಲಿಗೆ ಊರೆಲ್ಲ ಸೇರಿತು, ಬಾಗಿಲು ಹಾಕಿಕೊಂಡವರೂ ಸೇರಿದರು.

ದಾರ ಹಲ್ಲಿನಿಂದ ಕಡಿದು, ಎರಡು ಕೈಯಲ್ಲೂ ಅವಳ ಮುಖ ಹಿಡಿದು ಎಂದಳು: "ಒಳಗೆ ಬಾ, ಕ್ನ್ಯಾಹಿನ್ಯಾ."

ನಾನು ಅತ್ತುಬಿಟ್ಟೆ ಸ್ತೆಫ್ಕಾ. ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಒನುಫ್ರಿ ತನ್ನ ಟೋಪಿಯನ್ನೇ ನನ್ನ ಕೈಗೆ ಕೊಟ್ಟ, ಕಣ್ಣೊರೆಸಿಕೊಳ್ಳಲು.

ಅಷ್ಟರಲ್ಲಿ ನಸ್ತುಂಕಾ ಪರಸ್ಕಾಳ ಲಂಗ ಜಗ್ಗಿ, "ಅಮ್ಮನ ಹೆಸರು ಬದಲಾಯ್ತಾ?" ಎಂದು ಕೇಳಿತು.

"ಇವತ್ತಿಗೆ ಮಾತ್ರ ಕಣೇ ಪುಟ್ಟಿ. ನಾಳೆಯಿಂದ ಮತ್ತೆ ತೆಕ್ಲಾನೇ. ಹಸು ಕರೀಬೇಕಲ್ಲ?" ಎಂದಳು ಪರಸ್ಕಾ. ಆಮೇಲೆ ನನ್ನ ಕಡೆ ತಿರುಗಿ, "ಹೊಲಿಗೆ ನೋಡ್ಕೋ. ನೀವೆಲ್ಲ ಸೇರಿ ಹೊಲಿದದ್ದಕ್ಕಿಂತ ನಂದೇ ನೇರವಾಗಿದೆ" ಎಂದಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು ನೋಡು. ಇರಲಿ, ನಿಜವಾಗಿಯೂ ನೇರವಾಗಿತ್ತು.

ಈಗ ನಿನ್ನ ನಿಘಂಟಿಗೆ ಉತ್ತರ. ಕರೆಯಲು ಬಂದಾಗ ಅನ್ನುವುದು ಬರೀ ಹರಕೆ. ದಂಡೆ ತಲೆಗೇರಿದ ಗಳಿಗೆಯಿಂದ ಮರುದಿನ ಇಳಿಸಿ ತಲೆಗೆ ಬಟ್ಟೆ ಕಟ್ಟುವವರೆಗೆ ಆ ಪದ ಅವಳದು. ಒಂದು ಹಗಲು, ಒಂದು ರಾತ್ರಿ. ರಷ್ಯದವಳಿಗೆ ಜೀವನವಿಡೀ, ಸೋರ್ಬ್ ಗೃಹಿಣಿಗೆ ದಿನಾ ಬೆಳಗ್ಗೆ, ನಮ್ಮವಳಿಗೆ ಇಷ್ಟೇ. ಆದರೆ ಆ ಒಂದು ದಿನ ಅವಳಿಗೆ ಸಿಗಲೇಬೇಕು. ಅದಿದ್ದರೆ ಉಳಿದ ಬಾಳನ್ನು ತಲೆ ಎತ್ತಿ ಬಾಳಬಹುದು. 'ಕನ್ಯೆಗೆ ಮಾತ್ರ' ಎಂದು ಯಾರಾದರೂ ನಿನಗೆ ಹೇಳಿದರೆ, ಸ್ಮೆರೆಕೀವ್‌ನಲ್ಲಿ ಹಾಗಿಲ್ಲ ಎಂದು ಬರೆ. ಈ ಅ‌ಕ್ಟೋಬರಿನಿಂದ ಇಲ್ಲ.

ಅಣಬೆಯ ಸರ, ಮದುವೆಯ ಕೊಲಾಚಿನ ಒಂದು ತುಂಡು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ರೊಟ್ಟಿ ಕಲ್ಲಾಗಿದ್ದರೆ ಹಾಲಿನಲ್ಲಿ ನೆನೆಸಿ ತಿನ್ನು. ನಿನ್ನ ದಾರಿ ಬೆಳಕಾಗಿರಲಿ, ನಿನ್ನ ಒಲೆ ಆರದಿರಲಿ, ಒಳ್ಳೆಯ ಜನ ನಿನ್ನ ಬಾಗಿಲು ತಟ್ಟಲಿ.

ನಿನ್ನವಳೇ ಆದ ತಾಯಿ,
ವಸಿಲೀನಾ

ಮರೆತದ್ದಲ್ಲ, ಕೊನೆಗೆಂದು ಇಟ್ಟುಕೊಂಡದ್ದು:

ಪರಸ್ಕಾಳಿಗೆ ಕೊಟ್ಟದ್ದು ಅವಳ ತಾಯಿಯ ಸೂಜಿ.

ನನ್ನ ಅಕ್ಕ ಹಾಫಿಯಾಳಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗ ಚೆರೆಮೋಶ್ ನದಿಯಲ್ಲಿ ಮರದ ದಿಮ್ಮಿಗಳ ತೆಪ್ಪ ನಡೆಸುವವನು. ಈಸ್ಟರ್ ಕಳೆದು ಮದುವೆ ಎಂದಿತ್ತು. ಹಿಮ ಕರಗಿದ ನೀರಿನಲ್ಲಿ ತೆಪ್ಪ ಒಡೆದು ಅವನು ಹೋದ. ಅಕ್ಕ ಆಗಲೇ ಬಸುರಿ. ಸುಗ್ಗಿಯ ಹೊತ್ತಿಗೆ ಹೆರಿಗೆಯಲ್ಲಿ ಅವಳೂ ಹೋದಳು, ಮಗುವೂ ಹೋಯಿತು. ಮದುವೆಯಾಗದೆ ತೀರಿಕೊಂಡ ಹುಡುಗಿಗೆ ನಾವು ದಂಡೆ ಮುಡಿಸಿ, ಕ್ನ್ಯಾಹಿನ್ಯಾ ಎಂದು ಕರೆದು ಮಣ್ಣಿಗೆ ಕಳಿಸುತ್ತೇವೆ, ನೀನೂ ನೋಡಿದ್ದೀಯ. ಅಮ್ಮ ಹಾಗೇ ಸಿದ್ಧ ಮಾಡಿದ್ದಳು. ಹೆಂಗಸರು ಬಂದು ಹೊಲಿಯಲು ಕೂತಿದ್ದರು. ಎಲೆಯ ಬುಟ್ಟಿ ಹಿಡಿದುಕೊಂಡು ನಾನು ನಿಂತಿದ್ದೆ, ನನಗಿನ್ನೂ ಹನ್ನೊಂದು ವರ್ಷ. ಅರ್ಧ ದಂಡೆ ಆಗಿತ್ತು. ಆಗ ಪರಸ್ಕಾಳ ತಾಯಿ ಅಕ್ಕನ ಕಡೆ ನೋಡಿ, "ಹೊಟ್ಟೆ ಹೊತ್ತವಳ ತಲೆಗೆ ಬಟ್ಟೆ, ದಂಡೆ ಅಲ್ಲ" ಎಂದು ಸೂಜಿಯನ್ನು ಎಲೆಗೇ ಚುಚ್ಚಿಟ್ಟು ಎದ್ದಳು. ಎಲ್ಲರೂ ಎದ್ದರು. ಅಮ್ಮ ಅವರ ಕಾಲು ಹಿಡಿದಳು. ಅಕ್ಕನ ಜಡೆ ಮುಚ್ಚಿ ಬಟ್ಟೆ ಕಟ್ಟಿ ಕಳಿಸಿದೆವು, ಶಿಲುಬೆಗೂ ದಂಡೆಯ ಕೆತ್ತನೆ ಸಿಗಲಿಲ್ಲ. ಒಬ್ಬರೂ ಆ ಪದ ಹೇಳಲಿಲ್ಲ.

ಆ ಸೂಜಿಯನ್ನು ನಾನು ಅವತ್ತಿನಿಂದ ಇಟ್ಟುಕೊಂಡಿದ್ದೆ, ಒನುಫ್ರಿಗೂ ತೋರಿಸದೆ. ಕೊಟ್ಟಿಗೆಯಲ್ಲಿ ಪರಸ್ಕಾಳಿಗೆ ಹೇಳಿದ್ದು ಇಷ್ಟೇ: "ನಿಮ್ಮಮ್ಮ ಇದನ್ನ ನಮ್ಮ ಹಾಫಿಯಾನ ಎಲೆಯಲ್ಲಿ ಬಿಟ್ಟು ಹೋದ್ಲು. ಉಳಿದ ಹೊಲಿಗೆ ನಿಂದು."

ಮಗಳೇ, ನೀನು ಚುಕ್ಕಿಯ ವಿಷಯ ಬರೆದ ದಿನದಿಂದ ಒಂದು ಮಾತು ಕೇಳಬೇಕೆಂದಿದ್ದೇನೆ. ನಿಘಂಟಿನಲ್ಲಿ ಜಾಗ ಇಲ್ಲದಿದ್ದರೆ ಬೇಡ, ನಿನ್ನ ಮೇಜಿನ ಮೇಲಿನ ಒಂದು ಚೂರು ಕಾಗದದಲ್ಲಾದರೂ ಬರೆ. ಮೊದಲು ಚುಕ್ಕಿ ಇಡು. ಆಮೇಲೆ 'ಕ್ನ್ಯಾಹಿನ್ಯಾ ಹಾಫಿಯಾ' ಎಂದು ಬರೆ. ಯಾರ ಬಾಯಿಂದಲೂ ಕೇಳಿದವರಿಲ್ಲ. ಆದರೆ ಇದ್ದೇ ಇರಬೇಕಿತ್ತು.